ಹುಡುಕಿಕೊಂಡು ಬಂದವರಿಗೆ ಸಿಗುವ ಹಾಗೆ: ವಕೀಲರು, ಸಿಎಗಳು, ಡಾಕ್ಟರುಗಳು ಕೇಳಿದ ಡಿಜಿಟಲ್ ಪ್ರಶ್ನೆಗಳು

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ವಕೀಲರು, ಸಿಎಗಳು, ಡಾಕ್ಟರುಗಳು, ಆರ್ಕಿಟೆಕ್ಟ್‌ಗಳದ್ದು. ಬಟ್ಟೆ ಅಂಗಡಿಗೋ ಹೋಟೆಲಿಗೋ ಹೇಳುವ ಡಿಜಿಟಲ್ ಮಾರ್ಕೆಟಿಂಗ್ ಪಾಠ ಇವರಿಗೆ ಹಾಗೇ ಒಪ್ಪುವುದಿಲ್ಲ. ಇವರ ವೃತ್ತಿಗಳಿಗೆ ಜಾಹೀರಾತಿನ ಬಗ್ಗೆ ಕಟ್ಟುನಿಟ್ಟಿನ ನಿಯಮಗಳಿವೆ. ಅದಕ್ಕಿಂತ ಮುಖ್ಯವಾಗಿ, ಆಫರ್ ನೋಡಿ ಯಾರೂ ವಕೀಲರನ್ನು ಹುಡುಕುವುದಿಲ್ಲ. ಕೈಯಲ್ಲಿ ನೋಟಿಸ್ ಹಿಡಿದುಕೊಂಡೋ, ಮಗುವಿನ ಮೈಮೇಲೆ ಎದ್ದ ಗುಳ್ಳೆ ನೋಡಿ ಗಾಬರಿಯಾಗಿಯೋ ಫೋನ್ ತೆಗೆದು ಹುಡುಕುತ್ತಾರೆ. ಆ ಹೊತ್ತಿಗೆ ನೀವು ಅವರಿಗೆ ಸಿಗಬೇಕು, ಸಿಕ್ಕ ಮೇಲೆ ಅವರಿಗೆ ಬೇಕಾದ ಉತ್ತರ ಅಲ್ಲಿರಬೇಕು. ಕೆಳಗಿನ ಉತ್ತರಗಳನ್ನೆಲ್ಲ ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದಿದ್ದೇನೆ.

ಪ್ರಶ್ನೆ: ವಕೀಲರಿಗೆ ವೆಬ್‌ಸೈಟ್ ಮಾಡಿಸೋ ಹಾಗೇ ಇಲ್ಲ ಅಂತ ನಮ್ಮ ಸೀನಿಯರ್ ಹೇಳ್ತಾರೆ. ಒಂದು ಏಜೆನ್ಸಿಯವರು ಪದೇ ಪದೇ ಫೋನ್ ಮಾಡಿ, ‘ಈಗ ಎಲ್ಲಾ ವಕೀಲರೂ ಮಾಡಿಸ್ತಿದಾರೆ, ರೀಲ್ಸ್ ಮಾಡೋಣ, ತಿಂಗಳಿಗೆ ಇಷ್ಟು ಕೇಸ್ ಅಂತ ಲೀಡ್ಸ್ ಕೊಡ್ತೀವಿ’ ಅಂತಾರೆ. ಯಾರ ಮಾತು ಕೇಳಲಿ?
— ಯುವ ವಕೀಲ, ಧಾರವಾಡ

ನಿಮ್ಮ ಸೀನಿಯರ್ ಮಾತು ಅರ್ಧ ಸರಿ. ಏಜೆನ್ಸಿಯವರ ಮಾತು ಕೇಳಿದರೆ ನಿಮ್ಮ ಸನ್ನದಿಗೇ ತೊಂದರೆ.

ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮ ಹೇಳುವುದು ಇಷ್ಟು: ವಕೀಲರು ನೇರವಾಗಿಯಾಗಲಿ, ಇನ್ನೊಬ್ಬರ ಮೂಲಕವಾಗಲಿ ಕೆಲಸ ಕೇಳಿಕೊಂಡು ಹೋಗಬಾರದು, ಜಾಹೀರಾತು ಕೊಡಬಾರದು. ಆಫೀಸಿನ ಬೋರ್ಡ್ ಕೂಡ ಸಾಧಾರಣ ಅಳತೆಯದ್ದೇ ಇರಬೇಕು. ಅದರ ಮೇಲೆ ಸಂಘದ ಅಧ್ಯಕ್ಷ, ಮಾಜಿ ನ್ಯಾಯಾಧೀಶ ಅಂತೆಲ್ಲ ಬರೆಸುವ ಹಾಗಿಲ್ಲ. ಸೀನಿಯರ್ ಹೇಳುತ್ತಿರುವುದು ಇದನ್ನೇ. ಆದರೆ 2008ರಲ್ಲಿ ಈ ನಿಯಮಕ್ಕೆ ತಿದ್ದುಪಡಿ ಬಂದು, ವಕೀಲರು ವೆಬ್‌ಸೈಟಿನಲ್ಲಿ ಕೆಲವು ವಿವರಗಳನ್ನು ಕೊಡಬಹುದು ಅಂತಾಯಿತು. ಹೆಸರು, ವಿಳಾಸ, ಫೋನ್, ಈಮೇಲ್. ಎನ್‌ರೋಲ್‌ಮೆಂಟ್ ನಂಬರ್ ಮತ್ತು ದಿನಾಂಕ, ಯಾವ ರಾಜ್ಯದ ಪರಿಷತ್ತು, ಯಾವ ವಕೀಲರ ಸಂಘದ ಸದಸ್ಯರು, ಏನು ಓದಿದ್ದೀರಿ, ಯಾವ ಯಾವ ಕ್ಷೇತ್ರದಲ್ಲಿ ಪ್ರಾಕ್ಟೀಸ್ ಮಾಡುತ್ತೀರಿ. ಜೊತೆಗೆ, ಕೊಟ್ಟ ಮಾಹಿತಿ ನಿಜ ಅನ್ನುವ ಘೋಷಣೆಯೂ ಬೇಕು. ಅಲ್ಲಿಗೆ ಮುಗಿಯಿತು. ಗೆದ್ದ ಕೇಸುಗಳ ಪಟ್ಟಿ, ಕಕ್ಷಿದಾರರ ಹೊಗಳಿಕೆ, ‘ಜಿಲ್ಲೆಯ ನಂಬರ್ 1’, ‘ಮೊದಲ ಸಲಹೆ ಉಚಿತ’ ಇವ್ಯಾವುವೂ ಆ ಪಟ್ಟಿಯಲ್ಲಿಲ್ಲ.

ಲೀಡ್ಸ್, ಅಂದರೆ ದುಡ್ಡು ಕೊಟ್ಟು ಕಕ್ಷಿದಾರರನ್ನು ತರಿಸಿಕೊಳ್ಳುವ ವಿಷಯ ಇನ್ನೂ ಗಂಭೀರ. ಆನ್‌ಲೈನ್ ವೇದಿಕೆಗಳು ವಕೀಲರನ್ನು ಸರ್ವಿಸ್ ಪ್ಯಾಕೇಜಿನ ಹಾಗೆ ಮಾರುವುದನ್ನು 2024ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟ್ ಖಾರವಾಗಿಯೇ ತರಾಟೆಗೆ ತೆಗೆದುಕೊಂಡಿತು. ಅಂಥ ವಕೀಲರ ಮೇಲೆ ಶಿಸ್ತುಕ್ರಮ ಆಗಲಿ ಅಂತ ಪರಿಷತ್ತಿಗೆ ಸೂಚಿಸಿತು, ಪರಿಷತ್ತೂ ರಾಜ್ಯಗಳ ವಕೀಲರ ಪರಿಷತ್ತುಗಳಿಗೆ ಬರೆಯಿತು. ನಾಳೆ ದೂರು ಬಂದರೆ ಉತ್ತರ ಕೊಡಬೇಕಾದವರು ನೀವೇ ಹೊರತು ಏಜೆನ್ಸಿಯವರಲ್ಲ. ಅವರು ಆ ಹೊತ್ತಿಗೆ ಇನ್ನೊಬ್ಬ ವಕೀಲರಿಗೆ ಫೋನ್ ಮಾಡುತ್ತಿರುತ್ತಾರೆ.

ದೊಡ್ಡ ಲಾ ಫರ್ಮ್‌ಗಳ ಸೈಟ್ ತೆರೆದರೆ ಮೊದಲು ಒಂದು ಚೌಕ ಎದ್ದು ನಿಲ್ಲುತ್ತದೆ ನೋಡಿ, ‘ನಾನೇ ಮಾಹಿತಿ ಹುಡುಕಿಕೊಂಡು ಬಂದಿದ್ದೇನೆ, ಯಾರೂ ನನ್ನನ್ನು ಕರೆದಿಲ್ಲ’ ಅಂತ. ಒಪ್ಪಿಗೆ ಒತ್ತಿದ ಮೇಲೇ ಒಳಗೆ ಬಿಡುತ್ತದೆ. ಅದನ್ನು ಹಾಕಿಸಿಕೊಳ್ಳಿ, ತಪ್ಪಿಲ್ಲ. ಆದರೆ ಆ ಚೌಕ ಒಂದಿದ್ದರೆ ಒಳಗೆ ಏನು ಬೇಕಾದರೂ ಬರೆಯಬಹುದು ಅಂದುಕೊಳ್ಳಬೇಡಿ.

ನನ್ನ ಸಲಹೆ, ಒಂದೇ ಪುಟದ ಸೈಟ್ ಮಾಡಿಸಿ. ವಿಳಾಸವನ್ನು ಹಳ್ಳಿಯಿಂದ ಬಸ್ಸಿನಲ್ಲಿ ಬರುವವರಿಗೂ ತಿಳಿಯುವ ಹಾಗೆ ಬರೆಯಿರಿ: ಯಾವ ಬಸ್ ಸ್ಟಾಪ್, ಯಾವ ಬ್ಯಾಂಕಿನ ಮೇಲೆ, ಎಷ್ಟನೇ ಮಹಡಿ. ಬರೆಯುವ ಆಸೆ ಇದ್ದರೆ ಪತ್ರಿಕೆಗೆ ಬರೆಯಿರಿ. ಚೆಕ್ ಬೌನ್ಸ್ ಆದರೆ ಎಷ್ಟು ದಿನದೊಳಗೆ ನೋಟಿಸ್ ಕೊಡಬೇಕು, ಪಾಲು ವಿಭಾಗದ ದಾವೆಗೆ ಯಾವ ಕಾಗದ ಬೇಕು ಅನ್ನುವಂಥ ವಿಷಯ ತಿಳಿಸಿ ಹೇಳುವವರು ಕನ್ನಡದಲ್ಲಿ ಕಡಿಮೆ. ಕೊನೆಯಲ್ಲಿ ‘ನನ್ನನ್ನು ಸಂಪರ್ಕಿಸಿ’ ಅಂತ ಸೇರಿಸದಿದ್ದರೆ ಸಾಕು.

ಪ್ರಶ್ನೆ: ನಮ್ಮದು ಇಬ್ಬರು ಪಾರ್ಟ್‌ನರ್‌ಗಳ ಸಿಎ ಫರ್ಮ್. ಸೋಷಿಯಲ್ ಮೀಡಿಯಾ ನೋಡಿಕೊಳ್ಳುವ ಹುಡುಗ ಪ್ರತಿ ಹಬ್ಬಕ್ಕೂ ನಮ್ಮ ಹೆಸರು ಹಾಕಿ ಶುಭಾಶಯದ ಪೋಸ್ಟ್ ಮಾಡ್ತಾನೆ. ತಿಂಗಳು ತಿಂಗಳು ದುಡ್ಡು ಹೋಗ್ತಿದೆ, ಒಂದು ಫೋನೂ ಬಂದಿಲ್ಲ. ನಿಲ್ಲಿಸಿಬಿಡಲಾ?
— ಸಿಎ, ಉಡುಪಿ

ನಿಲ್ಲಿಸಿ. ಯುಗಾದಿ ದಿನ ಎಲ್ಲರ ಫೋನಿಗೂ ಬೇವು-ಬೆಲ್ಲದ ಚಿತ್ರ ಸಾಲುಸಾಲಾಗಿ ಬಂದಿರುತ್ತದೆ. ಅದರಲ್ಲಿ ನಿಮ್ಮದೊಂದು ಇದ್ದರೇನು, ಬಿಟ್ಟರೇನು? ಆ ದುಡ್ಡನ್ನೂ ಸಮಯವನ್ನೂ ಬೇರೆ ಕಡೆ ಹಾಕಿ.

ಎಲ್ಲಿ ಹಾಕಬೇಕು ಅನ್ನುವುದಕ್ಕೆ 2025ರ ಜುಲೈ ನೆನಪಿಸಿಕೊಳ್ಳಿ. ಯುಪಿಐನಲ್ಲಿ ಬಂದ ಹಣದ ಲೆಕ್ಕ ನೋಡಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿತ್ತು. ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಯವರು ಕಂಗಾಲಾದರು. ಬೆಂಗಳೂರಿನಲ್ಲಿ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಕಿತ್ತುಹಾಕಿ ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಅಂತ ಚೀಟಿ ಅಂಟಿಸಿದರು. ಆಗ ಅವರ ತಲೆಯಲ್ಲಿ ಇದ್ದ ಪ್ರಶ್ನೆಗಳು ಬಹಳ ಸರಳ. ನನಗ್ಯಾಕೆ ಬಂತು? ಇಷ್ಟೂ ದುಡ್ಡು ಕಟ್ಟಲೇಬೇಕಾ? ತಮ್ಮ ವಾಪಸ್ ಕೊಟ್ಟ ಕೈಸಾಲವೂ ಅದೇ ಖಾತೆಗೆ ಬಂದಿದೆಯಲ್ಲ, ಅದೂ ವ್ಯಾಪಾರದ ಲೆಕ್ಕಕ್ಕೆ ಸೇರುತ್ತಾ? ತರಕಾರಿಗೂ ಜಿಎಸ್‌ಟಿ ಇದೆಯಾ?

ಇವಕ್ಕೆಲ್ಲ ನಿಮಗೆ ಬಾಯಲ್ಲೇ ಉತ್ತರ ಇದೆ. ಸರಕು ಮಾತ್ರ ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ನೋಂದಣಿ ಬೇಕು. ತಾಜಾ ತರಕಾರಿ, ಹಣ್ಣಿನಂಥ ತೆರಿಗೆ ಇಲ್ಲದ ಸರಕು ಮಾತ್ರ ಮಾರುವವರಿಗೆ, ವಹಿವಾಟು ಎಷ್ಟೇ ಇರಲಿ, ಬೇಡ. ವ್ಯಾಪಾರಕ್ಕೆ ಸಂಬಂಧವಿಲ್ಲದ ಹಣವನ್ನು ದಾಖಲೆ ಕೊಟ್ಟು ಬೇರೆ ಮಾಡಿ ತೋರಿಸಬಹುದು. ನೋಟಿಸ್ ಬಂತು ಅಂದರೆ ಕಟ್ಟಿ ಅಂತ ಆದೇಶ ಆಯಿತು ಅಂತಲ್ಲ, ವಿವರಣೆ ಕೊಡುವ ಅವಕಾಶ ಇದೆ. ಇನ್ನು ಸಣ್ಣ ವ್ಯಾಪಾರಿಗಳಿಗೆ ಕಾಂಪೋಸಿಷನ್ ಸ್ಕೀಮ್ ಇದೆ, ಅದರಲ್ಲಿ ವಹಿವಾಟಿನ ಮೇಲೆ ಶೇ. 1 ಕಟ್ಟಿದರೆ ಆಯಿತು. ಇಷ್ಟನ್ನು ತಿಳಿಗನ್ನಡದಲ್ಲಿ ಒಂದು ಪುಟಕ್ಕೆ ಬರೆದು ನಿಮ್ಮ ಸೈಟಿನಲ್ಲಿ ಇಟ್ಟರೆ, ಆ ಬೇಕರಿಯವರಿಗೆ ಅವತ್ತು ರಾತ್ರಿ ನಿದ್ದೆ ಬರುತ್ತದೆ. ಆ ಪುಟ ಅವರಿಂದ ಇನ್ನೊಬ್ಬ ಅಂಗಡಿಯವರಿಗೆ, ಅಲ್ಲಿಂದ ವ್ಯಾಪಾರಿಗಳ ವಾಟ್ಸಾಪ್ ಗುಂಪಿಗೆ ತಾನಾಗೇ ಹೋಗುತ್ತದೆ. ನೀವು ಏನೂ ಪ್ರಚಾರ ಮಾಡಬೇಕಿಲ್ಲ.

ಬರೆಯುವಾಗ ಪುಟದ ತಲೆಬರಹವೇ ಜನ ಕೇಳುವ ಪ್ರಶ್ನೆ ಆಗಿರಲಿ. ‘ನಮ್ಮ ಪರೋಕ್ಷ ತೆರಿಗೆ ಸೇವೆಗಳು’ ಅಂತ ಬೇಡ, ‘ಯುಪಿಐ ಹಣ ನೋಡಿ ಜಿಎಸ್‌ಟಿ ನೋಟಿಸ್ ಬಂದರೆ ಏನು ಮಾಡಬೇಕು?’ ಅಂತ ಇರಲಿ. ಮೊದಲ ಎರಡು ಸಾಲಿನಲ್ಲೇ ಉತ್ತರ ಕೊಡಿ, ವಿವರ ಆಮೇಲೆ. ಮೇಲುಗಡೆ ತಾರೀಖು ಹಾಕಿ. ನಿಯಮ ಬದಲಾದ ದಿನವೇ ತಿದ್ದಿ, ತಿದ್ದಿದ ತಾರೀಖನ್ನೂ ಹಾಕಿ. ಹಳೇ ನಿಯಮ ಹೇಳುವ ಪುಟ ಜನರನ್ನು ದಾರಿ ತಪ್ಪಿಸುತ್ತದೆ, ಅದಕ್ಕಿಂತ ಪುಟ ಇಲ್ಲದಿರುವುದೇ ವಾಸಿ.

ಸೋಷಿಯಲ್ ಮೀಡಿಯಾದಲ್ಲಿ ಏನಾದರೂ ಹಾಕಲೇಬೇಕು ಅನ್ನಿಸಿದರೆ ಗಡುವುಗಳನ್ನು ಹಾಕಿ. ತಿಂಗಳ ರಿಟರ್ನ್ ತುಂಬುವವರಿಗೆ ಜಿಎಸ್‌ಟಿಆರ್-1 11ಕ್ಕೆ, 3ಬಿ 20ಕ್ಕೆ. ಮುಂಗಡ ತೆರಿಗೆಗೆ ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ 15. ಮೂರ್ನಾಲ್ಕು ದಿನ ಮೊದಲೇ ಹಾಕಿದರೆ ಉಪಯೋಗ, ಅವತ್ತೇ ಹಾಕಿದರೆ ಸುಮ್ನೆ.

ನಿಯಮದ ಮಾತು: 1949ರ ಸಿಎ ಕಾಯ್ದೆಯ ಮೊದಲ ಅನುಸೂಚಿಯ 6 ಮತ್ತು 7ನೇ ಖಂಡಗಳಲ್ಲಿ ಕೆಲಸ ಕೇಳಿಕೊಂಡು ಹೋಗುವುದಕ್ಕೂ ಜಾಹೀರಾತಿಗೂ ನಿರ್ಬಂಧ ಇದೆ. ವೆಬ್‌ಸೈಟಿನ ವಿಷಯದಲ್ಲಿ ಸಿಎಗಳ ಸಂಸ್ಥೆ (ಐಸಿಎಐ) ಬಹಳ ಕಾಲ ಹೇಳಿಕೊಂಡು ಬಂದದ್ದು, ಬೇಕಾದವರು ಬಂದು ಓದಿಕೊಳ್ಳಲಿ, ನೀವಾಗಿ ಜನರ ಮೇಲೆ ಹೇರಬೇಡಿ ಅಂತ. ಮೇಲೆ ಹೇಳಿದಂಥ ಪುಟ ಈ ಮಾತಿಗೆ ಸರಿಯಾಗಿ ಹೊಂದುತ್ತದೆ. ನಿಯಮಗಳು ಆಗಾಗ ಪರಿಷ್ಕರಣೆ ಆಗುವುದರಿಂದ, ಏನೇ ಪ್ರಕಟಿಸುವ ಮುಂಚೆ ಸಂಸ್ಥೆಯ ಈಗಿನ ನೀತಿಸಂಹಿತೆಯನ್ನು ಒಮ್ಮೆ ತೆರೆದು ಓದಿ.

ಪ್ರಶ್ನೆ: ನಮ್ಮ ತೆರಿಗೆ ಸಲಹಾ ಕಚೇರಿಗೆ ಕನ್ನಡದಲ್ಲೇ ಸೈಟ್ ಮಾಡಿಸಿದ್ವಿ. ಕೆಲವು ಪುಟ ಮೊಬೈಲಿನಲ್ಲಿ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಬ್ಯಾನರಿನಲ್ಲಿ ಒತ್ತಕ್ಷರ ಪಕ್ಕಕ್ಕೆ ಸರಿದಿವೆ. ಡಿಸೈನರ್ ‘ಕನ್ನಡ ಅಂದ್ರೆ ಹಾಗೇ ಸಾರ್, ಇಂಗ್ಲಿಷಲ್ಲಿ ಮಾಡೋಣ’ ಅಂತಾರೆ. ನಿಜವಾ?
— ತೆರಿಗೆ ಸಲಹೆಗಾರ, ತುಮಕೂರು

ನಿಜವಲ್ಲ. ಈ ಮಾತು ಕೇಳಿದಾಗಲೆಲ್ಲ ನನಗೆ ಬೇಜಾರಾಗುತ್ತದೆ. ಕನ್ನಡಕ್ಕೆ ತಾಂತ್ರಿಕ ತೊಂದರೆ ಏನೂ ಇಲ್ಲ, ಕಲಿಯುವುದು ಬೇಡ ಅನ್ನಿಸಿದವರು ಹೀಗೆ ಹೇಳುತ್ತಾರೆ.

ಕಲಸುಮೇಲೋಗರ ಆಗಲು ಕಾರಣ ಒಂದೇ. ನಿಮ್ಮ ಕಚೇರಿಯಲ್ಲಿ ‘ನುಡಿ’ಯೋ ‘ಬರಹ’ವೋ ಅನ್ನುವ ಟೈಪಿಂಗ್ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ಫೈಲನ್ನು ಅವರು ಹಾಗೇ ತಂದು ಅಂಟಿಸಿದ್ದಾರೆ. ಆ ಫಾಂಟುಗಳಲ್ಲಿ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ಮೇಲೆ ಕನ್ನಡದ ಆಕಾರ ಮಾತ್ರ. ಆ ಫಾಂಟ್ ಇಲ್ಲದ ಫೋನಿನಲ್ಲಿ ಒಳಗಿನದು ಬಯಲಾಗುತ್ತದೆ. ಗೂಗಲ್‌ಗೂ ಅದು ಕನ್ನಡ ಅಂತ ಗೊತ್ತಾಗುವುದಿಲ್ಲ. ಅಂದರೆ ಆ ಪುಟ ಹುಡುಕಾಟದಲ್ಲಿ ಎಂದೂ ಬರುವುದಿಲ್ಲ. ಪರಿಹಾರ, ಎಲ್ಲವನ್ನೂ ಯೂನಿಕೋಡ್‌ಗೆ, ಅಂದರೆ ಕನ್ನಡ ಅಕ್ಷರಕ್ಕೆ ಅದರದೇ ಸಂಕೇತ ಇರುವ ವ್ಯವಸ್ಥೆಗೆ, ಪರಿವರ್ತಿಸುವುದು. ಉಚಿತ ಪರಿವರ್ತಕಗಳಿವೆ. ಪರಿವರ್ತನೆ ಆದ ಮೇಲೆ ಕಣ್ಣಲ್ಲಿ ಓದಿ ನೋಡಿ, ಅರ್ಕಾವತ್ತು ಮತ್ತು ಒತ್ತಕ್ಷರಗಳ ಜಾಗದಲ್ಲಿ ತಪ್ಪು ನುಸುಳುತ್ತದೆ. ಮುಂದೆ ಟೈಪ್ ಮಾಡುವವರಿಗೆ ಮೊದಲಿಂದಲೇ ಯೂನಿಕೋಡ್‌ನಲ್ಲಿ ಮಾಡಿ ಅಂತ ಹೇಳಿಬಿಡಿ.

ಬ್ಯಾನರಿನ ತೊಂದರೆ ಬೇರೆ. ಫೋಟೋಶಾಪ್‌ನಲ್ಲಿ ಅಕ್ಷರ ಜೋಡಿಸುವ ಆಯ್ಕೆ ಬರೀ ಇಂಗ್ಲಿಷಿಗೆ ಹೊಂದುವ ಹಾಗೆ ಇದ್ದರೆ ಒತ್ತಕ್ಷರ ಬಿಡಿಬಿಡಿಯಾಗಿ ಪಕ್ಕದಲ್ಲಿ ಕೂರುತ್ತವೆ. ಸೆಟ್ಟಿಂಗ್ಸ್‌ನ ಟೈಪ್ ವಿಭಾಗದಲ್ಲಿ ‘ವರ್ಲ್ಡ್-ರೆಡಿ’ ಅನ್ನುವುದನ್ನು ಆರಿಸಿದರೆ ಸರಿಹೋಗುತ್ತದೆ. ಹಳೇ ಆವೃತ್ತಿಯಲ್ಲಿ ಅದನ್ನೇ ‘ಮಿಡಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್’ ಅಂತ ಕರೆದಿದ್ದಾರೆ. ಅದಕ್ಕಿಂತ ಒಳ್ಳೆಯದು, ಬ್ಯಾನರಿನ ಅಕ್ಷರವನ್ನು ಚಿತ್ರದೊಳಗೆ ಸೇರಿಸದೆ ಪುಟದಲ್ಲೇ ಪಠ್ಯವಾಗಿ ಇಡಿ. ಚಿತ್ರದೊಳಗಿನ ಅಕ್ಷರ ಕಣ್ಣು ಕಾಣದವರ ಸ್ಕ್ರೀನ್ ರೀಡರಿಗೆ ಓದಲು ಸಿಗುವುದಿಲ್ಲ.

ಇನ್ನೊಂದು, ಯಾರೂ ಗಮನಿಸದ್ದು. ಇಂಗ್ಲಿಷಿಗಾಗಿ ಮಾಡಿದ ಟೆಂಪ್ಲೇಟುಗಳಲ್ಲಿ ಸಾಲುಗಳ ನಡುವಿನ ಜಾಗ ಕಡಿಮೆ ಇರುತ್ತದೆ. ಕನ್ನಡದಲ್ಲಿ ಅಕ್ಷರದ ಕೆಳಗೆ ಒತ್ತು, ಅದರ ಕೆಳಗೆ ಇನ್ನೊಂದು ಒತ್ತು ಬರುತ್ತದೆ. ಜಾಗ ಸಾಲದೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ದೀರ್ಘಕ್ಕೆ ತಾಗುತ್ತದೆ, ಬಟನ್‌ನೊಳಗೆ ಇದ್ದರೆ ಕತ್ತರಿಸಿಯೇ ಹೋಗುತ್ತದೆ. ಅಕ್ಷರದ ಅಳತೆಯ ಒಂದೂವರೆ ಪಟ್ಟಿಗಿಂತ ಜಾಸ್ತಿ ಸಾಲಿನ ಎತ್ತರ ಇಡಲು ಹೇಳಿ. ಪರೀಕ್ಷೆಗೆ ‘ರಾಷ್ಟ್ರೀಯ’, ‘ಸ್ತ್ರೀ’, ‘ಕಾರ್ಯದರ್ಶಿ’, ‘ಹೃತ್ಪೂರ್ವಕ’ ಅಂತ ಟೈಪ್ ಮಾಡಿ ಮಾಮೂಲಿ ಆಂಡ್ರಾಯ್ಡ್ ಫೋನಿನಲ್ಲಿ ನೋಡಿ. ಫಾಂಟಿಗೆ ದುಡ್ಡು ಕೊಡಬೇಕಿಲ್ಲ. ನೋಟೊ ಸಾನ್ಸ್ ಕನ್ನಡ, ಅನೇಕ್ ಕನ್ನಡ ಓದಲು ಚೆನ್ನಾಗಿವೆ, ತಲೆಬರಹಕ್ಕೆ ಬಾಲೂ ತಮ್ಮ ಇದೆ. ಎಲ್ಲವೂ ಉಚಿತ.

ಭಾಷೆಯ ಬಗ್ಗೆ ಒಂದೇ ಮಾತು: ನಿಮ್ಮ ಕಚೇರಿಗೆ ಬಂದವರು ರೀಫಂಡ್, ರಿಟರ್ನ್, ಟಿಡಿಎಸ್ ಅಂತಲೇ ಕೇಳುತ್ತಾರಲ್ವಾ, ಸೈಟಿನಲ್ಲೂ ಹಾಗೇ ಬರೆಯಿರಿ.

ಪ್ರಶ್ನೆ: ನಮ್ಮ ಫಿಸಿಯೋಥೆರಪಿ ಕ್ಲಿನಿಕ್‌ನ ಸೈಟ್ ಮಾಡಿಕೊಟ್ಟವರು ಈಗ ಫೋನ್ ಎತ್ತುತ್ತಿಲ್ಲ. ಸೈಟ್ ಬಂದ್ ಆಗಿದೆ. ಗೂಗಲ್ ಮ್ಯಾಪಿನಲ್ಲಿ ಹಳೇ ನಂಬರೇ ಇದೆ. ಹೊಸಬರಿಗೆ ಕೊಟ್ಟರೆ ಪಾಸ್‌ವರ್ಡ್ ಕೇಳ್ತಾರೆ, ನಮ್ಮ ಹತ್ರ ಏನೂ ಇಲ್ಲ.
— ಫಿಸಿಯೋಥೆರಪಿಸ್ಟ್, ಹಾಸನ

ಮೇಡಂ, ನಿಮ್ಮ ಹಾಗೆ ಸಿಕ್ಕಿಹಾಕಿಕೊಂಡವರು ಬಹಳ ಜನ. ಮೊದಲು ಹೂಇಸ್ ಅನ್ನುವ ಉಚಿತ ಹುಡುಕಾಟದಲ್ಲಿ ನಿಮ್ಮ ಸೈಟಿನ ಹೆಸರು ಹಾಕಿ ನೋಡಿ. ಡೊಮೇನ್ (ಸೈಟಿನ ಆ ಹೆಸರು) ಯಾವ ಕಂಪನಿಯಲ್ಲಿ ನೋಂದಣಿ ಆಗಿದೆ, ಯಾವತ್ತು ಮುಗಿಯುತ್ತದೆ ಅನ್ನುವುದು ತಿಳಿಯುತ್ತದೆ. ಅವಧಿ ಮುಗಿದಿದ್ದರೆ ಸ್ವಲ್ಪ ದಿನ ನವೀಕರಣಕ್ಕೆ ಅವಕಾಶ ಇರುತ್ತದೆ, ಹಾಗಾಗಿ ತಡ ಮಾಡಬೇಡಿ. ಆ ಕಂಪನಿಯ ಗ್ರಾಹಕ ಸೇವೆಗೆ ಬರೆದು, ನೀವು ದುಡ್ಡು ಕೊಟ್ಟ ಬಿಲ್, ಕ್ಲಿನಿಕ್‌ನ ನೋಂದಣಿ ಪತ್ರ ಎಲ್ಲ ಕೊಡಿ. ನೋಂದಣಿ ನಿಮ್ಮ ಹೆಸರಲ್ಲೇ ಇದ್ದು ಈಮೇಲ್ ಮಾತ್ರ ಅವರದ್ದಾಗಿದ್ದರೆ ಕೆಲಸ ಸುಲಭ. ಅವರ ಹೆಸರಲ್ಲೇ ಇದ್ದರೆ ಕಷ್ಟ. ಡಾಟ್ ಇನ್ ಹೆಸರಾಗಿದ್ದರೆ ಅದನ್ನು ನೋಡಿಕೊಳ್ಳುವ ನಿಕ್ಸಿ ಸಂಸ್ಥೆಯಲ್ಲಿ ವ್ಯಾಜ್ಯ ಪರಿಹಾರದ ದಾರಿ ಇದೆ, ಆದರೆ ಅದಕ್ಕೆ ಖರ್ಚಿದೆ, ಆ ಹೆಸರಿನ ಮೇಲೆ ನಿಮಗೆ ಹಕ್ಕಿದೆ ಅಂತಲೂ ತೋರಿಸಬೇಕು. ಸಣ್ಣ ಕ್ಲಿನಿಕ್ಕಿಗೆ ಹೊಸ ಹೆಸರು ತೆಗೆದುಕೊಳ್ಳುವುದೇ ಎಷ್ಟೋ ಸಲ ಲೇಸು.

ಗೂಗಲ್ ಮ್ಯಾಪ್ ವಿಷಯ ಇಷ್ಟು ಕಷ್ಟ ಅಲ್ಲ. ನಿಮ್ಮ ಕ್ಲಿನಿಕ್‌ನ ಹೆಸರು ಹುಡುಕಿ, ಅಲ್ಲೇ ಮಾಲೀಕತ್ವ ಕೇಳುವ ಕೊಂಡಿ ಒತ್ತಿ. ಈಗಿನ ಮಾಲೀಕರಿಗೆ ಗೂಗಲ್ ಈಮೇಲ್ ಕಳಿಸುತ್ತದೆ, ಅವರು ಉತ್ತರ ಕೊಡದಿದ್ದರೆ ಸಾಮಾನ್ಯವಾಗಿ ನೀವೇ ಪರಿಶೀಲನೆ ಮಾಡಿಸಿಕೊಂಡು ತೆಗೆದುಕೊಳ್ಳಬಹುದು. ಬೋರ್ಡು, ಬೀದಿ, ಒಳಗಿನ ಕೋಣೆ ಕಾಣುವ ಹಾಗೆ ವೀಡಿಯೋ ಮಾಡಿ ಅಂತ ಕೇಳಬಹುದು, ಮಾಡಿ ಕಳಿಸಿ.

ಹೊಸದಾಗಿ ಮಾಡಿಸುವಾಗ ಡೊಮೇನನ್ನು ನಿಮ್ಮ ಹೆಸರಲ್ಲಿ, ನಿಮ್ಮ ಈಮೇಲಿನಲ್ಲಿ, ನಿಮ್ಮ ಕಾರ್ಡಿನಲ್ಲಿ ನೀವೇ ಕೊಳ್ಳಿ. ಕೆಲಸ ಮಾಡುವವರಿಗೆ ಬೇರೆ ಲಾಗಿನ್ ಕೊಡಿ, ಮ್ಯಾಪಿನಲ್ಲಿ ಅವರನ್ನು ಮ್ಯಾನೇಜರ್ ಮಾಡಿ, ಓನರ್ ನೀವೇ ಇರಿ. ಬೇರೆಯವರ ಜಾಗದಲ್ಲಿ ಪುಕ್ಕಟೆ ಕಟ್ಟಿದ್ದು ಎಷ್ಟು ದಿನ ಇರುತ್ತದೆ ಅನ್ನುವುದಕ್ಕೆ ಗೂಗಲ್ಲೇ ಉದಾಹರಣೆ. ಬಿಸಿನೆಸ್ ಪ್ರೊಫೈಲ್ ಜೊತೆ ಕೊಡುತ್ತಿದ್ದ ಉಚಿತ ಸೈಟುಗಳನ್ನು 2024ರ ಮಾರ್ಚ್‌ನಲ್ಲಿ ಅದು ಮುಚ್ಚಿತು. ಕಾರ್ಡು, ಬೋರ್ಡು, ಲೆಟರ್‌ಹೆಡ್ ಮೇಲೆಲ್ಲ ಆ ವಿಳಾಸ ಹಾಕಿಸಿಕೊಂಡಿದ್ದವರು ಎಲ್ಲವನ್ನೂ ಮತ್ತೆ ಪ್ರಿಂಟ್ ಹಾಕಿಸಬೇಕಾಯಿತು.

ಪ್ರಶ್ನೆ: ಚಿಕಿತ್ಸೆಗೆ ಮೊದಲು, ಆಮೇಲೆ ಅಂತ ರೋಗಿಗಳ ಫೋಟೋ ಇನ್‌ಸ್ಟಾಗ್ರಾಂನಲ್ಲಿ ಹಾಕಬಹುದಾ? ಬೇರೆ ಕ್ಲಿನಿಕ್‌ಗಳು ಹಾಕ್ತಿವೆ. ಜೊತೆಗೆ, ಒಬ್ಬರು ಸುಳ್ಳು ರಿವ್ಯೂ ಬರೆದಿದ್ದಾರೆ, ಏನು ಉತ್ತರ ಕೊಡಲಿ?
— ಚರ್ಮರೋಗ ವೈದ್ಯೆ, ಶಿವಮೊಗ್ಗ

ಹಾಕಬೇಡಿ ಡಾಕ್ಟ್ರೇ. ಈಗ ಜಾರಿಯಲ್ಲಿರುವುದು 2002ರ ವೃತ್ತಿನಡತೆ ನಿಯಮಗಳು. 2023ರ ಆಗಸ್ಟ್ ಮೊದಲ ವಾರದಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊಸ ನಿಯಮ ತಂದಿತ್ತು, ಸೋಷಿಯಲ್ ಮೀಡಿಯಾ ಬಗ್ಗೆಯೇ ಅದರಲ್ಲಿ ಒಂದು ಭಾಗ ಇತ್ತು, ಆದರೆ ಅದೇ ತಿಂಗಳಲ್ಲಿ ಅದನ್ನು ತಡೆಹಿಡಿದರು. 2002ರ ನಿಯಮದ ಪ್ರಕಾರ ರೋಗಿಗಳನ್ನು ಸೆಳೆಯಲು ಜಾಹೀರಾತು ಮಾಡುವುದು ತಪ್ಪು. ಗುರುತು ಸಿಗುವ ಹಾಗೆ ರೋಗಿಯ ಫೋಟೋವನ್ನು ಒಪ್ಪಿಗೆ ಇಲ್ಲದೆ ಪ್ರಕಟಿಸುವುದೂ ತಪ್ಪು. ಒಪ್ಪಿಗೆ ತಗೊಂಡ್ರೆ ಆಯ್ತಲ್ಲ ಅನ್ನಬಹುದು. ಮೊಡವೆ ಕಲೆ ಹೋಗಲಿ ಅಂತ ನಿಮ್ಮ ಮುಂದೆ ಕೂತ ಹುಡುಗಿ, ನೀವು ಕೇಳಿದರೆ ಬೇಡ ಅನ್ನಲು ಸಂಕೋಚಪಟ್ಟು ಹೂಂ ಅಂದಿರುತ್ತಾಳೆ. ಊರು ಸಣ್ಣದು. ಕಣ್ಣಿಗೆ ಕಪ್ಪು ಪಟ್ಟಿ ಹಾಕಿದರೂ ಅಕ್ಕಪಕ್ಕದವರು ಗುರುತು ಹಿಡಿಯುತ್ತಾರೆ.

ಅದೇ ನಿಯಮದಲ್ಲಿ ಮಾಡಬಹುದಾದದ್ದೂ ಇದೆ. ಪ್ರಾಕ್ಟೀಸ್ ಶುರು ಮಾಡಿದ್ದು, ವಿಳಾಸ ಬದಲಾದದ್ದು, ರಜೆ ಮೇಲೆ ಹೋಗಿ ಬಂದದ್ದು, ನಿಮ್ಮ ಶುಲ್ಕ ಎಷ್ಟು ಅನ್ನುವುದು, ಇಷ್ಟನ್ನು ಪತ್ರಿಕೆಯಲ್ಲಿ ತಿಳಿಸಬಹುದು ಅಂತ ಹೇಳಿದೆ. ಇದೇ ವಿವರ ನಿಮ್ಮ ಸೈಟಿನಲ್ಲಿ ಇದ್ದರೆ ಜನಕ್ಕೆ ದೊಡ್ಡ ಉಪಕಾರ. ಭದ್ರಾವತಿಯಿಂದಲೋ ಸಾಗರದಿಂದಲೋ ಬಸ್ಸು ಹತ್ತುವ ಮುಂಚೆ, ಡಾಕ್ಟ್ರು ಇವತ್ತು ಇದ್ದಾರಾ, ಎಷ್ಟು ದುಡ್ಡು ಇಟ್ಟುಕೊಂಡು ಹೋಗಬೇಕು ಅಂತ ಗೊತ್ತಾಗಬೇಕಲ್ವಾ? ಇನ್‌ಸ್ಟಾಗ್ರಾಂ ಬೇಕೇ ಬೇಕಾದರೆ, ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಕ್ರೀಮನ್ನು ಮುಖಕ್ಕೆ ಹಚ್ಚಿದರೆ ಏನಾಗುತ್ತದೆ, ಹುಳುಕಡ್ಡಿಗೆ ಅದನ್ನೇ ಹಚ್ಚಿದರೆ ಯಾಕೆ ಹರಡುತ್ತದೆ ಅಂತ ಒಂದು ನಿಮಿಷದಲ್ಲಿ ಹೇಳಿ. ಅದಕ್ಕೆ ಯಾರ ಮುಖವೂ ಬೇಕಿಲ್ಲ.

ರಿವ್ಯೂಗೆ ಉತ್ತರ ಬರೆಯುವಾಗ ಎಷ್ಟೇ ಸಿಟ್ಟು ಬಂದಿರಲಿ, ಅವರ ಕಾಯಿಲೆ, ಔಷಧಿ, ಯಾವತ್ತು ಬಂದಿದ್ದರು ಅನ್ನುವುದನ್ನು ಎತ್ತಬೇಡಿ. ‘ನೀವು ಮೂರು ಸಲ ಬಂದಿದ್ದಿರಿ, ಮಾತ್ರೆ ಸರಿಯಾಗಿ ತಗೊಳ್ಳಲಿಲ್ಲ’ ಅಂತ ಬರೆದ ತಕ್ಷಣ ತಪ್ಪು ನಿಮ್ಮದಾಗುತ್ತದೆ. ‘ನಿಮಗೆ ಬೇಸರ ಆಗಿದ್ದಕ್ಕೆ ವಿಷಾದ ಇದೆ. ಕ್ಲಿನಿಕ್ಕಿಗೆ ಫೋನ್ ಮಾಡಿ, ನಾನೇ ಮಾತಾಡುತ್ತೇನೆ’ ಇಷ್ಟು ಸಾಕು. ಅವರು ನಿಮ್ಮಲ್ಲಿಗೆ ಬಂದೇ ಇಲ್ಲದಿದ್ದರೆ ಗೂಗಲ್‌ಗೆ ದೂರು ಕೊಡಿ. ರಿಯಾಯಿತಿ ಕೊಟ್ಟು ಒಳ್ಳೇ ರಿವ್ಯೂ ಬರೆಸುವ ಉಪಾಯವನ್ನು ಯಾರಾದರೂ ಹೇಳಿದರೆ ಕೇಳಬೇಡಿ, ಗೂಗಲ್ ನಿಯಮದಲ್ಲೇ ಅದಕ್ಕೆ ಅವಕಾಶ ಇಲ್ಲ.

ಪ್ರಶ್ನೆ: ನಮ್ಮ ಕೆಲಸದ ಫೋಟೋಗಳೇ ನಮ್ಮ ಸೈಟಿನ ಜೀವಾಳ. ಆದರೆ ತೆರೆಯೋಕೆ ಬಹಳ ಹೊತ್ತು ಹಿಡಿಯುತ್ತೆ.
— ಆರ್ಕಿಟೆಕ್ಟ್, ಮೈಸೂರು

ಕ್ಯಾಮೆರಾದಿಂದ ಬಂದ ಫೋಟೋವನ್ನು ಹಾಗೇ ಏರಿಸಿದ್ದೀರಿ ಅನ್ನಿಸುತ್ತದೆ. ಒಂದೊಂದೂ ಐದಾರು ಎಂಬಿ ಇದ್ದರೆ ಹಳ್ಳಿ ಕಡೆಯ ನೆಟ್‌ವರ್ಕಿನಲ್ಲಿ ಮೊದಲ ಚಿತ್ರ ಬರುವಷ್ಟರಲ್ಲಿ ಜನ ಎದ್ದು ಹೋಗಿರುತ್ತಾರೆ. ಅಗಲ 1600 ಪಿಕ್ಸೆಲ್‌ಗೆ ಇಳಿಸಿ, ವೆಬ್‌ಪಿ ರೂಪದಲ್ಲಿ ಉಳಿಸಿ, ಒಂದೊಂದು 200 ಕೆಬಿ ಆಸುಪಾಸು ಬಂದರೆ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಕೆಳಗಿನ ಚಿತ್ರಗಳು ಅಲ್ಲಿಗೆ ಹೋದಾಗಲೇ ತೆರೆದುಕೊಳ್ಳುವ ಹಾಗೆ ಮಾಡಿಸಿ. ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ಪುಟದ ವಿಳಾಸ ಹಾಕಿ ಮೊಬೈಲ್ ವಿಭಾಗ ನೋಡಿ, ಮುಖ್ಯ ಚಿತ್ರ 2.5 ಸೆಕೆಂಡಿನೊಳಗೆ ಕಾಣಬೇಕು ಅನ್ನುವುದು ಅವರ ಅಳತೆ. ತೆರೆದ ಕೂಡಲೇ ತಾನಾಗಿ ಓಡುವ ವೀಡಿಯೋ ಇದ್ದರೆ ತೆಗೆಸಿ.

ನಿಮ್ಮ ವೃತ್ತಿಗೂ ಜಾಹೀರಾತಿನ ಮಿತಿ ಇದೆ. 1989ರ ನಿಯಮಗಳಲ್ಲಿ ಕಟ್ಟಡದ ಮೇಲೆ ಬರೆಸುವ ಹೆಸರಿನ ಅಕ್ಷರ 10 ಸೆಂ.ಮೀ. ಎತ್ತರ ಮೀರಬಾರದು ಅಂತಲೂ ಇದೆ, ಅಷ್ಟು ಕಟ್ಟುನಿಟ್ಟು. ಸೈಟಿನಲ್ಲಿ ಕೆಲಸ ತೋರಿಸಿ, ಹೊಗಳಿಕೊಳ್ಳುವುದು ಬೇಡ. ಮನೆಗಳ ಫೋಟೋ ಹಾಕುವಾಗ ಮಾಲೀಕರ ಹೆಸರು, ಬಾಗಿಲ ನಂಬರು, ಕಾರಿನ ನಂಬರ್ ಪ್ಲೇಟ್ ಕಾಣದಿರಲಿ. ಯಾವ ಕೋಣೆ ಎಲ್ಲಿದೆ ಅಂತ ತೋರಿಸುವ ಪೂರ್ತಿ ಪ್ಲಾನ್ ಹಾಕಲೇಬೇಡಿ.

ಪ್ರಶ್ನೆ: ಹಳೇ ಗ್ರಾಹಕರಿಗೆಲ್ಲ ವಾಟ್ಸಾಪ್‌ನಲ್ಲಿ ಒಟ್ಟಿಗೆ ಮೆಸೇಜ್ ಕಳಿಸಬಹುದಾ?
— ವಿಮಾ ಸಲಹೆಗಾರ, ಚಿತ್ರದುರ್ಗ

ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರ ತನಕ ಸೇರಿಸಬಹುದು, ಆದರೆ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಗುಂಪು ಮಾಡಿ ಎಲ್ಲರನ್ನೂ ಎಳೆದು ಹಾಕಬೇಡಿ, ಒಬ್ಬರ ನಂಬರ್ ಇನ್ನೊಬ್ಬರಿಗೆ ಸಿಗುತ್ತದೆ. ಪ್ರೀಮಿಯಂ ತಾರೀಖು ನೆನಪಿಸಿದರೆ ಓದುತ್ತಾರೆ, ದಿನಾ ಶುಭೋದಯ ಕಳಿಸಿದರೆ ಬ್ಲಾಕ್ ಮಾಡುತ್ತಾರೆ. ಬಲ್ಕ್ ಎಸ್‌ಎಂಎಸ್ ಆದರೆ ಮೊದಲು ಟೆಲಿಕಾಂ ಕಂಪನಿಗಳ ಡಿಎಲ್‌ಟಿ ಅನ್ನುವ ವ್ಯವಸ್ಥೆಯಲ್ಲಿ ನೋಂದಣಿ ಮಾಡಿಸಬೇಕು.

ಪ್ರಶ್ನೆ: ‘ಮೂರು ತಿಂಗಳಲ್ಲಿ ಗೂಗಲ್ ಮೊದಲ ಪುಟ, ಗ್ಯಾರಂಟಿ’ ಅಂತ ಒಬ್ಬರು ತಿಂಗಳಿಗೆ 15,000 ಕೇಳ್ತಿದಾರೆ. ಅದರ ಬದಲು ಗೂಗಲ್ ಆಡ್ಸ್ ಹಾಕೋಣ ಅಂತ ನಮ್ಮ ತಮ್ಮ ಹೇಳ್ತಾನೆ. ಯಾವುದು ವಾಸಿ?
— ಇಂಟೀರಿಯರ್ ಡಿಸೈನ್ ಸಂಸ್ಥೆ, ಹುಬ್ಬಳ್ಳಿ

ಮೊದಲ ಸ್ಥಾನಕ್ಕೆ ಯಾರೂ ಗ್ಯಾರಂಟಿ ಕೊಡಲು ಆಗುವುದಿಲ್ಲ ಅಂತ ಗೂಗಲ್ಲೇ ಬರೆದು ಹೇಳಿದೆ. ಇಂಥವರನ್ನು ಒಂದೇ ಪ್ರಶ್ನೆ ಕೇಳಿ: ಯಾವ ಪದಕ್ಕೆ ಮೊದಲ ಪುಟ? ನಿಮ್ಮ ಸಂಸ್ಥೆಯ ಹೆಸರನ್ನೇ ಹುಡುಕಿದರೆ ನೀವು ಹೇಗೂ ಬರುತ್ತೀರಿ, ಅದನ್ನೇ ತೋರಿಸಿ ದುಡ್ಡು ತಗೊಳ್ಳುವವರಿದ್ದಾರೆ. ಕೆಲಸ ಬಲ್ಲವರು ಈ ತಿಂಗಳು ಯಾವ ಪುಟ ಬರೆದೆವು, ಏನು ತಿದ್ದಿದೆವು, ಎಷ್ಟು ಜನ ಫೋನ್ ಮಾಡಿದರು ಅಂತ ಲೆಕ್ಕ ಕೊಡುತ್ತಾರೆ.

ನಿಮ್ಮ ವೃತ್ತಿಗೆ ವಕೀಲರ, ವೈದ್ಯರ ಹಾಗೆ ಕಾನೂನಿನ ಮಂಡಳಿ ಇಲ್ಲ, ಆದ್ದರಿಂದ ಜಾಹೀರಾತು ಕೊಡಬಹುದು. ತಮ್ಮ ಹೇಳಿದ ಹಾಗೆ ಸಣ್ಣ ಮೊತ್ತದಲ್ಲಿ ಮಾಡಿ ನೋಡಿ, ಆದರೆ ಎರಡು ಕಡೆ ಹುಷಾರಾಗಿರಿ. ಗೂಗಲ್ ಆಡ್ಸ್‌ನಲ್ಲಿ ಹುಬ್ಬಳ್ಳಿ ಅಂತ ಊರು ಆರಿಸಿದರೂ, ಹುಬ್ಬಳ್ಳಿಯಲ್ಲಿ ಇರುವವರಷ್ಟೇ ಅಲ್ಲ, ಹುಬ್ಬಳ್ಳಿ ಬಗ್ಗೆ ಆಸಕ್ತಿ ತೋರಿಸಿದ ದೂರದವರಿಗೂ ತೋರಿಸುವ ಆಯ್ಕೆ ತಾನಾಗಿ ಇರುತ್ತದೆ. ಲೊಕೇಶನ್ ಆಯ್ಕೆಗಳನ್ನು ತೆರೆದು, ಅಲ್ಲಿ ಇರುವವರಿಗೆ ಮಾತ್ರ ಅಂತ ಬದಲಿಸಿ. ಆಮೇಲೆ ಬೇಡದ ಪದಗಳ ಪಟ್ಟಿ ಕೊಡಿ: ಕೋರ್ಸ್, ಕಾಲೇಜು, ಸಂಬಳ, ಕೆಲಸ ಖಾಲಿ, ಇಂಟರ್ನ್‌ಶಿಪ್, ಫ್ರೀ. ಇಲ್ಲದಿದ್ದರೆ ಇಂಟೀರಿಯರ್ ಡಿಸೈನ್ ಕಲಿಯಲು ಹುಡುಕುವ ಹುಡುಗರು ಒತ್ತಿದ ಪ್ರತಿ ಒತ್ತಿಗೂ ನೀವು ದುಡ್ಡು ಕಟ್ಟುತ್ತೀರಿ. ಜನ ನಿಜವಾಗಿ ಏನು ಟೈಪ್ ಮಾಡಿದಾಗ ನಿಮ್ಮ ಜಾಹೀರಾತು ಬಂತು ಅನ್ನುವ ವರದಿ ಅದರಲ್ಲೇ ಸಿಗುತ್ತದೆ, ವಾರಕ್ಕೊಮ್ಮೆ ತೆರೆದು ಆ ಪಟ್ಟಿಗೆ ಸೇರಿಸುತ್ತಾ ಹೋಗಿ. ಖಾತೆ ನಿಮ್ಮ ಈಮೇಲಿನಲ್ಲೇ ಇರಲಿ. ಬೇರೆಯವರು ನೋಡಿಕೊಂಡರೂ ಎಷ್ಟು ಖರ್ಚಾಯಿತು ಅನ್ನುವುದನ್ನು ಅವರ ಎಕ್ಸೆಲ್ ಹಾಳೆಯಲ್ಲಿ ನೋಡಬೇಡಿ, ಖಾತೆಯೊಳಗೆ ನೀವೇ ಹೋಗಿ ನೋಡಿ.

ಜಾಹೀರಾತು ಒತ್ತಿದವರು ನಿಮ್ಮ ಸೈಟಿನ ಮುಖಪುಟಕ್ಕೆ ಬಂದು ಇಳಿದರೆ ಅರ್ಧ ಜನ ವಾಪಸ್ ಹೋದರು ಅಂತಲೇ ಇಟ್ಟುಕೊಳ್ಳಿ. ‘ಅಡುಗೆಮನೆ ಇಂಟೀರಿಯರ್ ಹುಬ್ಬಳ್ಳಿ’ ಅಂತ ಹುಡುಕಿದವರಿಗೆ ಅಡುಗೆಮನೆಯದೇ ಪುಟ ಕಾಣಬೇಕು. ನೀವು ಮಾಡಿದ ನಾಲ್ಕು ಅಡುಗೆಮನೆಗಳ ಫೋಟೋ, ಪ್ಲೈವುಡ್ ಯಾವುದು, ಹಿಂಜ್ ಯಾವ ಬ್ರ್ಯಾಂಡ್, ಚದರಡಿಗೆ ಎಷ್ಟರಿಂದ ಎಷ್ಟರ ತನಕ, ಎಷ್ಟು ದಿನದ ಕೆಲಸ, ಅಡ್ವಾನ್ಸ್ ಎಷ್ಟು. ರೇಟ್ ಹಾಕಿದರೆ ಪಕ್ಕದವರು ನೋಡಿಬಿಡುತ್ತಾರೆ ಅನ್ನುವ ಭಯ ಬಿಡಿ, ಅವರಿಗೆ ಈಗಾಗಲೇ ಗೊತ್ತು. ಗೊತ್ತಿಲ್ಲದೆ ಫೋನ್ ಮಾಡಲು ಹಿಂಜರಿಯುತ್ತಿರುವುದು ಹೊಸ ಮನೆ ಕಟ್ಟಿಸಿ ಸಾಲದ ಲೆಕ್ಕ ಹಾಕುತ್ತಾ ಕೂತ ಗ್ರಾಹಕರು.